ಕೋಚ್ ಬುಕ್ಕಲ್ಲಿ ಇಲ್ದೇ ಇದ್ದ ಶನಿವಾರ: ಒಂದು ಹ್ಯಾಮ್‌ಸ್ಟ್ರಿಂಗ್ ಕೇಸು

ಈ ಕೇಸಲ್ಲಿ ಇರೋದು ಬೆಂಗಳೂರು ಫುಟ್‌ಬಾಲ್ ಲೀಗಲ್ಲಿ ಆಡೋ ಒಬ್ಬ ರೈಟ್ ವಿಂಗರ್, ಅಂದ್ರೆ ಬಲಗಡೆ ಅಂಚಲ್ಲಿ ಓಡಿ ದಾಳಿ ಮಾಡೋವ್ನು. ವಯಸ್ಸು 25, ಲಿಂಗರಾಜಪುರದ ಕಡೆ ಮನೆ, ಮಾನ್ಯತಾ ಟೆಕ್ ಪಾರ್ಕ್ ಹತ್ರ ಒಂದು ಆಫೀಸಲ್ಲಿ ಕೆಲಸ. ಹುಡುಗನ ಹೆಸರು ಬೇಡ, ಕ್ಲಬ್ ಹೆಸರೂ ಬೇಡ. ನಾನು ಆ ಟೀಮಿಗೆ ಪಾರ್ಟ್ ಟೈಮ್ ಫಿಸಿಯೋ. ಭಾನುವಾರ ಮಧ್ಯಾಹ್ನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮ್ಯಾಚು, 67ನೇ ನಿಮಿಷ, ನಮ್ಮ ಸ್ಟಾಪರ್ (ನಡುವಿನ ಡಿಫೆಂಡರ್) ಹಿಂದಿಂದ ಲಾಂಗ್ ಬಾಲ್ ಎತ್ತಿ ಹಾಕ್ದ, ಇವ್ನು ಟಚ್‌ಲೈನ್ ಹಿಡ್ಕೊಂಡು ಓಡಿದ, ಡಿಫೆಂಡರ್‌ನ ದಾಟ್ಕೊಂಡು ಹೋಗಿ ಇನ್ನೇನು ಬಾಲ್ ಸಿಗ್ಬೇಕು ಅನ್ನೋವಾಗ ಎರಡು ಹೆಜ್ಜೆ ಕುಂಟಿದ, ಬಲಗೈ ಬಲತೊಡೆ ಹಿಂದಕ್ಕೆ ಹೋಯ್ತು, ಕೂತ್ಕೊಂಡ್ಬಿಟ್ಟ. ಯಾರೂ ಮುಟ್ಟಿಲ್ಲ, ಫೌಲ್ ಇಲ್ಲ. ಆ ಕೈ ಹೋದ ಜಾಗ ನೋಡಿದ್ರೇ ಏನಾಗಿದೆ ಅಂತ ಗೊತ್ತಾಗುತ್ತೆ: ಹ್ಯಾಮ್‌ಸ್ಟ್ರಿಂಗ್, ಅಂದ್ರೆ ತೊಡೆ ಹಿಂದಿನ ಮಸಲ್ಲು.

ನಮ್ಮ ಕೋಚ್ ಸಾರ್ ಒಂದು ನೋಟ್‌ಬುಕ್ ಇಟ್ಟಿದ್ದಾರೆ, ಹಳೇ ಕಾಲದ ಉದ್ದ ಲೆಡ್ಜರ್ ಬುಕ್ಕು, ಯಾರು ಯಾವತ್ತು ಬಂದ್ರು, ಎಷ್ಟೊತ್ತು ಟ್ರೈನಿಂಗ್, ಮ್ಯಾಚಲ್ಲಿ ಎಷ್ಟು ನಿಮಿಷ ಆಡ್ದ, ಎಲ್ಲಾ ಬರೀತಾರೆ. ಮ್ಯಾಚ್ ಮುಗಿದ ಮೇಲೆ ಅದನ್ನ ತೆಗ್ದು ತೋರ್ಸಿ, "ನೋಡಪ್ಪ, ಈ ವಾರ ಇವ್ನಿಗೆ ನಾನು ಕೊಟ್ಟಿರೋ ಕೆಲ್ಸ ಮಾಮೂಲಿಗಿಂತ ಕಮ್ಮಿನೇ ಇದೆ, ಅದಕ್ಕೆ ಮುಂಚೆ ಊರಿಗೆ ಹೋಗಿ ರೆಸ್ಟ್ ಬೇರೆ ತಗೊಂಡು ಬಂದಿದಾನೆ, ಆದ್ರೂ ಹಿಂಗಾಯ್ತು ಅಂದ್ರೆ ಇದು ಗ್ರಹಚಾರ ಅಷ್ಟೇ" ಅಂದ್ರು. ಸಾರ್ ಸುಳ್ಳು ಹೇಳ್ತಿರ್ಲಿಲ್ಲ, ಬುಕ್ಕಲ್ಲಿ ಇದ್ದಿದ್ದು ಹಂಗೇ. ಗ್ರಹಚಾರ ಅನ್ನೋ ಮಾತು ಮಾತ್ರ ನಂಗೆ ಒಪ್ಪಿಗೆ ಆಗ್ಲಿಲ್ಲ.

ಮೊದ್ಲು ಗಾಯದ ವಿಷ್ಯ ಮುಗ್ಸಿಬಿಡ್ತೀನಿ. ಮರುದಿನ ನೋಡಿದಾಗ ತೊಡೆ ಹಿಂದೆ ಹೊರಭಾಗದಲ್ಲಿ, ಮೇಲಿಂದ ಒಂದು ಗೇಣು ಕೆಳಗೆ ಒತ್ತಿದ್ರೆ ಜೀವ ಹೋಗೋ ನೋವು, ಬೋರಲು ಮಲಗಿಸಿ ಹಿಮ್ಮಡಿಗೆ ಕೈ ಅಡ್ಡ ಕೊಟ್ಟು ಮಂಡಿ ಮಡ್ಚು ಅಂದ್ರೆ ಎಡಗಾಲಿನ ಅರ್ಧ ಶಕ್ತಿನೂ ಇಲ್ಲ, ಕಾಲು ನೇರ ಎತ್ತಿದ್ರೆ ಅರ್ಧಕ್ಕೇ ಹಿಡ್ಕೊಳ್ಳುತ್ತೆ. ಮೂರ್ನಾಲ್ಕು ದಿನಕ್ಕೆ ಮಂಡಿ ಹಿಂಭಾಗಕ್ಕೆ ನೀಲಿ ಇಳೀತು. ಎಂಆರ್‌ಐ ದುಡ್ಡು ಯಾರು ಕೊಡ್ತಾರೆ, ಅಲ್ಟ್ರಾಸೌಂಡಲ್ಲಿ ಹ್ಯಾಮ್‌ಸ್ಟ್ರಿಂಗಿನ ಹೊರಗಡೆ ಮಸಲ್ಲಾದ ಬೈಸೆಪ್ಸ್ ಫೆಮೋರಿಸ್‌ನ ಲಾಂಗ್ ಹೆಡ್ಡಲ್ಲಿ ಸ್ವಲ್ಪ ನಾರು ಹರಿದಿರೋದು ಕಾಣ್ತು, ಮಸಲ್‌ನ ಮೂಳೆಗೆ ಕಟ್ಟೋ ಟೆಂಡನ್ ಸರಿ ಇತ್ತು. ಓಡೋವಾಗ ಆಗೋ ಹ್ಯಾಮ್‌ಸ್ಟ್ರಿಂಗ್ ಇಂಜುರಿಲಿ ಮಾಮೂಲಿ ಸಿಕ್ಕಿಬೀಳೋದೇ ಈ ಮಸಲ್ಲು. ಫುಲ್ ಸ್ಪೀಡಲ್ಲಿ ಕಾಲು ಮುಂದಕ್ಕೆ ಬೀಸಿ ಇನ್ನೇನು ನೆಲಕ್ಕೆ ತಾಗ್ಬೇಕು ಅನ್ನೋ ಗಳಿಗೇಲಿ ಕೆಳಗಾಲನ್ನ ತಡೆಯೋ ಬ್ರೇಕ್ ಕೆಲ್ಸ ಇದ್ರದ್ದು, ಉದ್ದ ಎಳ್ಕೊಂಡಿರೋವಾಗ್ಲೇ ಜೋರಾಗಿ ಬಿಗಿಬೇಕು, ಅಲ್ಲೇ ಹರಿಯೋದು.

ಇನ್ನು ಹಿನ್ನೆಲೆ. ಎರಡು ವರ್ಷದ ಹಿಂದೆ ಕಾಲೇಜ್ ಟೂರ್ನಮೆಂಟಲ್ಲಿ ಇದೇ ತೊಡೆ ಹಿಡ್ಕೊಂಡಿತ್ತಂತೆ, ನರ ಅಂದ್ಕೊಂಡು ಎಣ್ಣೆ ತಿಕ್ಕಿಸ್ಕೊಂಡು ನೋವು ಹೋದ ತಕ್ಷಣ ಆಡೋಕೆ ಶುರು ಮಾಡಿದ್ದ. ನಮ್ಮ ಕ್ಲಬ್ಬಿಗೆ ಸೇರೋವಾಗ ಇದನ್ನ ಯಾರೂ ಕೇಳ್ಲಿಲ್ಲ, ಅವ್ನೂ ಹೇಳ್ಲಿಲ್ಲ. ಹಳೇ ಹ್ಯಾಮ್‌ಸ್ಟ್ರಿಂಗ್ ಇಂಜುರಿ ಇದ್ದವ್ರಿಗೆ ಮತ್ತೆ ಆಗೋ ಚಾನ್ಸ್ ಜಾಸ್ತಿ ಅನ್ನೋದು ಈ ಫೀಲ್ಡಲ್ಲಿ ಪದೇ ಪದೇ ಸಾಬೀತಾಗಿರೋ ವಿಷ್ಯ, ಹಂಗಾಗಿ ಇವ್ನು ಲೋಡ್ (ಮೈ ಮೇಲೆ ಬಿದ್ದ ಒಟ್ಟು ಕೆಲ್ಸ) ಲೆಕ್ಕಕ್ಕೆ ಬರೋಕ್ಕಿಂತ ಮುಂಚೆನೇ ರಿಸ್ಕ್ ಲಿಸ್ಟಲ್ಲಿ ಇರ್ಬೇಕಾಗಿದ್ದವ್ನು.

ಲೋಡ್ ಲೆಕ್ಕಕ್ಕೆ ಬರೋಣ. ಓಡಿದ್ದನ್ನ ಅಳೆಯೋ ಜಿಪಿಎಸ್ ವೆಸ್ಟ್ ಎಲ್ಲಾ ನಮ್ ಲೆವೆಲ್ಲಿಗೆ ಇಲ್ಲ. ಆದ್ರೆ ಅಮೆರಿಕದ ಕಾರ್ಲ್ ಫಾಸ್ಟರ್ ಅನ್ನೋರು ಪಾಪುಲರ್ ಮಾಡಿದ ಒಂದು ಸುಲಭದ ಲೆಕ್ಕ ಇದೆ, ಸೆಷನ್ ಮುಗಿದ ಅರ್ಧ ಗಂಟೆ ಆದ್ಮೇಲೆ ಆಟಗಾರನ್ನ "ಎಷ್ಟು ಕಷ್ಟ ಆಯ್ತು" ಅಂತ ಕೇಳೋದು, 0 ಅಂದ್ರೆ ಏನೂ ಇಲ್ಲ 10 ಅಂದ್ರೆ ಸತ್ತೋದೆ, ಆ ನಂಬರ್‌ನ ನಿಮಿಷದಿಂದ ಗುಣಿಸೋದು, ಅಷ್ಟೇ. 75 ನಿಮಿಷದ ಟ್ರೈನಿಂಗು, ಕಷ್ಟ 5 ಅಂದ್ರೆ 375. ಪೆನ್ನು ಪೇಪರ್ ಸಾಕು.

ಕ್ಲಿನಿಕ್ಕಲ್ಲಿ ಕೂರಿಸ್ಕೊಂಡು ಹಿಂದಿನ ನಾಲ್ಕೈದು ವಾರದ್ದು ಕೇಳ್ದೆ. ಮೊದ್ಲು ಕೋಚ್ ಬುಕ್ಕಲ್ಲಿ ಇದ್ದಿದ್ದನ್ನೇ ಒಪ್ಪಿಸ್ದ. "ಬೇರೆ ಎಲ್ಲೂ ಆಡಿಲ್ವಾ?" "ಇಲ್ಲ ಅಣ್ಣಾ." ಸುಮ್ನೆ ಇದ್ದೆ. ಸ್ವಲ್ಪ ಹೊತ್ತಾದ್ಮೇಲೆ "ಅಣ್ಣಾ, ಕೋಚ್ ಸಾರ್‌ಗೆ ಹೇಳಲ್ಲ ತಾನೆ?" ಅಂತ ಶುರು ಆಯ್ತು. ಯಾವತ್ತು ಎಷ್ಟು ಆಡ್ದೆ ಅಂತ ಅವ್ನಿಗೇ ನೆನಪಿಲ್ಲ, ಫೋನ್‌ಪೇ ಹಿಸ್ಟರಿ ತೆಗ್ದ್ವಿ. ಪ್ರತಿ ಮಂಗಳವಾರ ರಾತ್ರಿ ಟರ್ಫ್ (ಬಾಡಿಗೆಗೆ ಸಿಗೋ ಪ್ಲಾಸ್ಟಿಕ್ ಹುಲ್ಲಿನ ಸಣ್ಣ ಗ್ರೌಂಡು) ಸ್ಲಾಟಿನ ಪಾಲು 200 ರೂಪಾಯಿ ಯಾವ್ದೋ ಫ್ರೆಂಡಿಗೆ ಹೋಗಿದೆ, ಪ್ರತಿ ಶನಿವಾರ ಸಂಜೆ 800 ಇಲ್ಲಾ 1000 ರೂಪಾಯಿ ಬಂದಿದೆ. ಸೆವೆನ್ಸ್, ಅಂದ್ರೆ ಕಡೆಗೆ ಏಳು ಜನ ಆಡೋ ಟೂರ್ನಮೆಂಟಿಗೆ ಗೆಸ್ಟ್ ಪ್ಲೇಯರ್ ಆಗಿ ಹೋಗ್ತಿದ್ದ. ಲೀಗ್ ಕ್ಲಬ್ಬು ಕೊಡೋದು ಕಿಟ್ಟು, ಬಸ್ ಚಾರ್ಜು, ಮ್ಯಾಚ್ ದಿನ ಊಟ. ಸೆವೆನ್ಸ್ ಕೊಡೋದು ಅವತ್ತೇ ದುಡ್ಡು. ತಿಂಗಳಿಗೆ ಮೂರ್ನಾಲ್ಕು ಸಾವಿರ ಅಂದ್ರೆ ಮನೆ ರೇಷನ್ನಿಗೆ ಆಗುತ್ತೆ, ಅದಕ್ಕೆ ಅವ್ನನ್ನ ಬೈಯೋಕೆ ನಂಗೆ ಮನಸ್ಸು ಬರ್ಲಿಲ್ಲ.

ಈಗ ಅಂಕಿ. ಮಾಮೂಲಿ ವಾರದಲ್ಲಿ ಕ್ಲಬ್ ಕಡೆಯಿಂದ ಸೋಮ ಬುಧ ಶುಕ್ರ ಮೂರು ಟ್ರೈನಿಂಗು, ಒಂದೊಂದು 375, ಭಾನುವಾರ ಮ್ಯಾಚು 90 ನಿಮಿಷ ಕಷ್ಟ 8 ಅಂದ್ರೆ 720, ಒಟ್ಟು 1845. ಬುಕ್ಕಲ್ಲಿ ಇಲ್ದೇ ಇರೋದು ಮಂಗಳವಾರ ಟರ್ಫಲ್ಲಿ ಫೈವ್ಸ್ (ಕಡೆಗೆ ಐದು ಜನ) ಒಂದು ಗಂಟೆ ಕಷ್ಟ 7, ಅಂದ್ರೆ 420, ಶನಿವಾರ ಸೆವೆನ್ಸ್ ಅರ್ಧರ್ಧ ಗಂಟೆದು ಮೂರು ಮ್ಯಾಚು ಕಷ್ಟ 8, ಅಂದ್ರೆ ಇನ್ನೊಂದು 720. ಕೂಡಿಸಿದ್ರೆ ನಿಜವಾದ ವಾರ 2985. ಕೋಚ್‌ಗೆ ಗೊತ್ತಿರೋದು ಅದ್ರಲ್ಲಿ ಮೂರರಲ್ಲಿ ಎರಡು ಪಾಲೂ ಅಲ್ಲ. ನೆನಪಿಂದ ಹೇಳಿದ ನಂಬರ್ ಇವು, ಐವತ್ತು ನೂರು ಆ ಕಡೆ ಈ ಕಡೆ ಇರುತ್ತೆ, ಆದ್ರೆ ಇಷ್ಟು ದೊಡ್ಡ ಗ್ಯಾಪು ನೆನಪಿನ ತಪ್ಪಿಂದ ಬರಲ್ಲ.

ಆಮೇಲೆ ತಂಗಿ ಮದ್ವೆ. ಗುರುವಾರ ಹಾಸನಕ್ಕೆ ಹೋದವ್ನು ಮುಂದಿನ ವಾರ ಪೂರ್ತಿ ಅಲ್ಲೇ, ಭಾನುವಾರ ರಾತ್ರಿ ವಾಪಸ್. ಕೋಚ್ ಇದನ್ನ ರೆಸ್ಟ್ ಅಂದ್ರು. ಮದ್ವೆ ಮನೆಲಿ ಅಣ್ಣನಾದವ್ನಿಗೆ ಎಂಥ ರೆಸ್ಟು, ಚಪ್ಪರ, ಅಡುಗೆಯವ್ರು, ನೆಂಟ್ರನ್ನ ಬಸ್ ಸ್ಟ್ಯಾಂಡಿಂದ ಕರ್ಕೊಂಡು ಬರೋದು, ರಾತ್ರಿ ಮೂರು ಗಂಟೆ ನಾಲ್ಕು ಗಂಟೆ ನಿದ್ದೆ. ಓಟ ಮಾತ್ರ ಸೊನ್ನೆ. ಲೋಡ್ ಇಳೀತು, ರೆಸ್ಟೂ ಸಿಗ್ಲಿಲ್ಲ, ಎರಡು ಕಡೆಯಿಂದ್ಲೂ ನಷ್ಟ.

ವಾಪಸ್ ಬಂದ ವಾರ ಮಳೆಗೆ ಮುಂದಕ್ಕೆ ಹೋಗಿದ್ದ ಮ್ಯಾಚು ಬುಧವಾರಕ್ಕೆ ಬಂತು. ಸೋಮವಾರ ಟ್ರೈನಿಂಗ್ 375, ಮಂಗಳವಾರ ರಾತ್ರಿ ಫೈವ್ಸ್ 420, ಬುಧವಾರ ಮ್ಯಾಚು 720, ಶುಕ್ರವಾರ ಲೈಟ್ ಸೆಷನ್ 80, ಶನಿವಾರ ಸೆವೆನ್ಸ್ ಫೈನಲ್ ತನಕ ಹೋಗಿ 720, ಭಾನುವಾರ ಬಿದ್ದು ಹೊರಗೆ ಬರೋ ತನಕ 67 ನಿಮಿಷ, ಕಷ್ಟ ಎಷ್ಟು ಅಂದ್ರೆ 9 ಅಂದ, 603. ಒಟ್ಟು 2918. ಬುಕ್ ಪ್ರಕಾರ ನೋಡಿದ್ರೆ 1778, ಮಾಮೂಲಿ 1845ಕ್ಕಿಂತ ನಿಜವಾಗ್ಲೂ ಕಮ್ಮಿ! ಗುರುವಾರನೇ ತೊಡೆ ಹಿಂದೆ ಬಿಗಿ ಅನ್ಸಿತ್ತಂತೆ, ಸ್ಪ್ರೇ ಹೊಡ್ಕೊಂಡು ಸುಮ್ನಾಗಿದ್ದ.

ಇಲ್ಲಿ ಓದಿರೋವ್ರು ಯಾರಾದ್ರೂ "ರೇಶಿಯೋ ನೋಡಿದ್ರೆ ಗೊತ್ತಾಗ್ತಿತ್ತಲ್ಲ" ಅಂತಾರೆ. ಈ ವಾರದ ಲೋಡ್‌ನ ಹಿಂದಿನ ನಾಲ್ಕು ವಾರದ ಸರಾಸರಿಯಿಂದ ಭಾಗಿಸೋ ಲೆಕ್ಕ ಅದು, ಆಸ್ಟ್ರೇಲಿಯಾದ ಸಂಶೋಧಕ ಟಿಮ್ ಗ್ಯಾಬೆಟ್ 2016ರಲ್ಲಿ ಬರೆದ ಲೇಖನದಿಂದ ತುಂಬಾ ಫೇಮಸ್ ಆಯ್ತು, 0.8ರಿಂದ 1.3 ಒಳ್ಳೇ ಜಾಗ, 1.5 ದಾಟಿದ್ರೆ ಡೇಂಜರ್ ಅಂತ. ಮಾಡಿ ನೋಡ್ದೆ. ಪೂರ್ತಿ ಲೆಕ್ಕದಲ್ಲಿ ಹಿಂದಿನ ನಾಲ್ಕು ವಾರ 2985, 2985, 1170, ಸೊನ್ನೆ, ಸರಾಸರಿ 1785, ರೇಶಿಯೋ 1.63. ಕೋಚ್ ಬುಕ್ಕಿನ ಲೆಕ್ಕದಲ್ಲಿ 1845, 1845, 750, ಸೊನ್ನೆ, ಸರಾಸರಿ 1110, ರೇಶಿಯೋ 1.60. ಗಮನಿಸಿ, ಮೂರನೇ ಒಂದು ಪಾಲಿಗಿಂತ ಜಾಸ್ತಿ ಕೆಲ್ಸ ಕಣ್ಣಿಗೆ ಕಾಣ್ದೇ ಇದ್ರೂ ರೇಶಿಯೋ ಹೆಚ್ಚುಕಮ್ಮಿ ಅಷ್ಟೇ ಬಂತು. ಯಾಕಂದ್ರೆ ಕದ್ದು ಆಡಿದ್ದು ಮೇಲೂ ಇದೆ ಕೆಳಗೂ ಇದೆ, ಭಾಗಿಸಿದಾಗ ಹೊಡ್ದು ಹೋಗುತ್ತೆ. ಸೊನ್ನೆ ವಾರದಿಂದ ದಿಢೀರ್ ಅಂತ ಫುಲ್ ವಾರಕ್ಕೆ ಬಂದಿದ್ದು ತೋರ್ಸುತ್ತೆ ಸರಿ, ಅಷ್ಟು ಮಟ್ಟಿಗೆ ಉಪಯೋಗ, ಅದನ್ನ ಕೋಚ್ ಬುಕ್ಕಿಂದ್ಲೇ ಹಿಡೀಬಹುದಿತ್ತು. ಆದ್ರೆ ಭಾನುವಾರದ ಮ್ಯಾಚಿಗೆ ಇಪ್ಪತ್ತು ಗಂಟೆ ಮುಂಚೆ ಮೂರು ಮ್ಯಾಚ್ ಆಡಿದ್ದು ಯಾವ ರೇಶಿಯೋಲೂ ಕಾಣಲ್ಲ. ಈ ಲೆಕ್ಕದ ಗಣಿತನೇ ಸರಿ ಇಲ್ಲ, ಇದ್ರಿಂದ ಇಂಜುರಿ ಭವಿಷ್ಯ ಹೇಳೋಕಾಗಲ್ಲ ಅಂತ ಫ್ರಾಂಕೋ ಇಂಪೆಲ್ಲಿಝೇರಿ ತರದ ಸಂಶೋಧಕರು ವರ್ಷಗಳಿಂದ ಹೇಳ್ತಾನೇ ಇದ್ದಾರೆ, ನಾನೂ ಈಗ ಅವ್ರ ಕಡೆನೇ.

ನಂಗೆ ಈ ಕೇಸಲ್ಲಿ ಜಾಸ್ತಿ ತೂಕದ್ದು ಅನ್ಸೋದು ಎರಡು ಮ್ಯಾಚಿನ ನಡುವಿನ ಅಂತರ. ಗ್ರೆಗರಿ ಡ್ಯುಪಾಂಟ್ ಮತ್ತೆ ಅವ್ರ ಜೊತೆಯವ್ರು 2010ರಲ್ಲಿ ಪ್ರಕಟ ಮಾಡಿದ ಸ್ಟಡಿ ಇದೆ, ಒಂದು ದೊಡ್ಡ ಕ್ಲಬ್ಬಿನ ಆಟಗಾರರನ್ನ ಎರಡು ಸೀಸನ್ ನೋಡಿದ್ರು. ವಾರಕ್ಕೆ ಒಂದು ಮ್ಯಾಚ್ ಇದ್ದಾಗ ಆಡಿದ ಪ್ರತಿ 1000 ಗಂಟೆಗೆ 4.1 ಇಂಜುರಿ, ಎರಡು ಮ್ಯಾಚ್ ಇದ್ದಾಗ 25.6. ಆರು ಪಟ್ಟು. ಆದ್ರೆ ಆ ಸ್ಟಡಿಲಿ ಇನ್ನೊಂದು ವಿಷ್ಯ ಇದೆ, ನಂಗೆ ಅದೇ ಮುಖ್ಯ: ಎರಡನೇ ಮ್ಯಾಚಲ್ಲಿ ಓಡಿದ ದೂರ, ಸ್ಪ್ರಿಂಟ್ ಸಂಖ್ಯೆ, ಹೈ ಸ್ಪೀಡ್ ಓಟ ಯಾವ್ದೂ ಕಮ್ಮಿ ಆಗಿರ್ಲಿಲ್ಲ. ಅಂದ್ರೆ ಗ್ರೌಂಡ್ ಪಕ್ಕ ನಿಂತು ನೋಡೋವ್ರಿಗೆ ಹುಡುಗ ಚೆನ್ನಾಗೇ ಓಡ್ತಾ ಇರ್ತಾನೆ. ನಮ್ಮ ಕೋಚ್ ಸಾರ್ ಕೂಡ ಅದೇ ಹೇಳಿದ್ದು, "ಹಾಫ್ ಟೈಮ್ ತನಕ ಕುದುರೆ ತರ ಓಡ್ತಿದ್ನಲ್ಲಪ್ಪ". ಮ್ಯಾಚ್ ಆದ್ಮೇಲೆ ಹ್ಯಾಮ್‌ಸ್ಟ್ರಿಂಗ್ ಶಕ್ತಿ ಪೂರ್ತಿ ವಾಪಸ್ ಬರೋಕೆ ಸುಮಾರು 72 ಗಂಟೆ ಹಿಡಿಯುತ್ತೆ, ಕೆಲವ್ರಿಗೆ ಇನ್ನೂ ಜಾಸ್ತಿ. ಇವ್ನು ಬುಧವಾರದ್ದು ತೀರಿಸೋಕೆ ಮುಂಚೆ ಶನಿವಾರದ್ದು ಮಾಡಿ, ಅದನ್ನ ತೀರಿಸೋಕೆ ಒಂದು ರಾತ್ರಿನೂ ಸರಿಯಾಗಿ ಕೊಟ್ಟಿಲ್ಲ, ಫೈನಲ್ ಮುಗ್ಸಿ ಟ್ರಾಫಿಕ್ಕಲ್ಲಿ ಮನೆ ಸೇರಿದಾಗ ಹನ್ನೆರಡೂವರೆ.

ಇಷ್ಟಕ್ಕೇ ನಿಲ್ಲಿಸಿದ್ರೆ "ಜಾಸ್ತಿ ಆಡ್ದ, ಹರ್ಕೊಂಡ" ಅನ್ನೋ ಕಥೆ ಆಗುತ್ತೆ. ಅದು ಅರ್ಧ ಮಾತ್ರ. ಅವ್ನ ವಾರ ಇಡೀ ನೋಡಿ, ಎಲ್ಲೆಲ್ಲಿ ಆಡ್ತಾನೆ. ಎಚ್‌ಆರ್‌ಬಿಆರ್ ಲೇಔಟ್ ಕಡೆ ಬಲೆ ಕಟ್ಟಿದ ಟರ್ಫು, ಆ ಕಡೆಯಿಂದ ಈ ಕಡೆಗೆ ಮೂವತ್ತು ಮೂವತ್ತೈದು ಮೀಟರ್ರು. ನಾಲ್ಕು ಹೆಜ್ಜೆ ಓಡ್ತಿದ್ದಂಗೆ ಬ್ರೇಕು, ತಿರುಗು, ಮತ್ತೆ ಓಡು. ನಮ್ಮ ಕ್ಲಬ್ ಟ್ರೈನಿಂಗ್ ಗ್ರೌಂಡನ್ನ ಇನ್ನೊಂದು ಅಕಾಡೆಮಿ ಜೊತೆ ಹಂಚ್ಕೋಬೇಕು, ನಮ್ಗೆ ಸಿಗೋದು ಅರ್ಧ ಗ್ರೌಂಡು, ಅದ್ರಲ್ಲಿ ಕೋನ್ ಇಟ್ಟು ಫೈವ್ ವರ್ಸಸ್ ಫೈವ್. ಇದ್ರಿಂದ ತೊಡೆಸಂದು, ಮುಂದಿನ ತೊಡೆ, ಮೀನಖಂಡ ಎಲ್ಲಾ ಚೆನ್ನಾಗಿ ದಣಿಯುತ್ತೆ, ಉಸಿರು ಹೋಗುತ್ತೆ, ಕಷ್ಟ 7 ಅಂತ ಹೇಳ್ತಾನೆ, ನಂಬರ್ ದೊಡ್ಡದಾಗೇ ಬರುತ್ತೆ. ಆದ್ರೆ ಫುಲ್ ಸ್ಪೀಡ್‌ಗೆ ಹೋಗೋಕೆ ಜಾಗ ಎಲ್ಲಿದೆ? ಸುಮಾರು ಮೂವತ್ತು ನಲವತ್ತು ಮೀಟರ್ ಅಡೆತಡೆ ಇಲ್ದೇ ಓಡಿದ್ರೆ ತಾನೆ ಟಾಪ್ ಸ್ಪೀಡು. ವಾರವಿಡೀ 2985 ಲೋಡ್ ಮಾಡಿದವ್ನಿಗೆ ಹ್ಯಾಮ್‌ಸ್ಟ್ರಿಂಗ್ ಟಾಪ್ ಸ್ಪೀಡ್ ನೋಡೋದು ಭಾನುವಾರದ ಮ್ಯಾಚಲ್ಲಿ ಎರಡ್ಮೂರು ಸಲ ಮಾತ್ರ, ಅದೂ ದಣಿದಿರೋವಾಗ, ಊರಿಗೆ ಹೋಗಿದ್ದ ದಿನಗಳಲ್ಲಿ ಅದೂ ಇಲ್ಲ. ವಿಂಗರ್ ಬೇರೆ.

ಗೇಲಿಕ್ ಫುಟ್‌ಬಾಲ್ (ಐರ್ಲೆಂಡಿನದೇ ಬೇರೆ ಆಟ) ಆಟಗಾರರ ಮೇಲೆ 2017ರಲ್ಲಿ ಬಂದ ಒಂದು ಐರಿಷ್ ಸ್ಟಡಿ ಈ ವಿಷ್ಯಕ್ಕೆ ಹತ್ರ ಬರುತ್ತೆ. ತಮ್ಮ ಟಾಪ್ ಸ್ಪೀಡಿನ 95 ಪರ್ಸೆಂಟ್ ದಾಟಿ ಆಗಾಗ ಓಡ್ತಿದ್ದವ್ರಿಗೆ ಇಂಜುರಿ ಕಮ್ಮಿ, ತೀರಾ ಕಮ್ಮಿ ಓಡಿದವ್ರಿಗೂ ತೀರಾ ಜಾಸ್ತಿ ಓಡಿದವ್ರಿಗೂ ಜಾಸ್ತಿ. ಅಂದ್ರೆ ಸ್ಪ್ರಿಂಟ್ ಅನ್ನೋದು ಅಪಾಯನೂ ಹೌದು, ಆ ಅಪಾಯಕ್ಕೆ ಔಷಧಿನೂ ಹೌದು, ಡೋಸ್ ಸರಿ ಇರ್ಬೇಕು. ನಮ್ ಊರಲ್ಲಿ ಈಗ ಮೂಲೆ ಮೂಲೆಗೂ ಟರ್ಫ್ ಬಂದಿದೆ, ಒಂದು ಕಾಲದಲ್ಲಿ ಆಸ್ಟಿನ್ ಟೌನು, ಗೌತಮಪುರ, ಮರ್ಫಿ ಟೌನ್ ಹುಡುಗ್ರು ದೊಡ್ಡ ಮಣ್ಣಿನ ಗ್ರೌಂಡಲ್ಲಿ ಬೆಳೆದ್ರು, ಈಗಿನ ಹುಡುಗ್ರ ಕಾಲಲ್ಲಿ ಟಚ್ ಅದ್ಭುತ, ಆದ್ರೆ ಉದ್ದ ಓಟ ಕಮ್ಮಿ. ಇದು ನಾನು ನೋಡಿರೋದ್ರ ಮೇಲೆ ಹೇಳ್ತಿರೋ ಅಭಿಪ್ರಾಯ, ಹಳೇ ಕಾಲ ಚೆಂದ ಅಂತ ಹಾಡೋಕಲ್ಲ, ಆ ಮಣ್ಣಲ್ಲಿ ಮಂಡಿ ಹೋದವ್ರೂ ಬೇಕಾದಷ್ಟು ಜನ ಇದ್ದಾರೆ.

ದೊಡ್ಡ ಚಿತ್ರ ಬೇಕಂದ್ರೆ, ಯಾನ್ ಎಕ್‌ಸ್ಟ್ರಾಂಡ್ ಅವ್ರ ತಂಡ ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಜೊತೆ 2001ರಿಂದ ಯೂರೋಪಿನ ಕ್ಲಬ್ಬುಗಳ ಇಂಜುರಿ ಲೆಕ್ಕ ಇಡ್ತಾ ಬಂದಿದೆ. 2011ರ ಅವ್ರ ವರದಿಲಿ 51 ಟೀಮು, 2908 ಮಸಲ್ ಇಂಜುರಿ. ಎಲ್ಲಾ ಇಂಜುರಿಗಳಲ್ಲಿ ಮಸಲ್ಲಿಂದು 31 ಪರ್ಸೆಂಟು, ಅದ್ರಲ್ಲಿ ಹ್ಯಾಮ್‌ಸ್ಟ್ರಿಂಗ್ 37, ತೊಡೆಸಂದು 23, ಮುಂದಿನ ತೊಡೆ 19, ಮೀನಖಂಡ 13. 25 ಜನರ ಟೀಮಲ್ಲಿ ಸೀಸನ್ನಿಗೆ ಸುಮಾರು 15 ಮಸಲ್ ಇಂಜುರಿ. ಪ್ರತಿ ಹಾಫ್‌ನಲ್ಲೂ ಟೈಮ್ ಹೋಗ್ತಾ ಹೋಗ್ತಾ ಜಾಸ್ತಿ. ಆಮೇಲಿನ ಲೆಕ್ಕದಲ್ಲಿ ಒಟ್ಟು ಇಂಜುರಿಲಿ ಹ್ಯಾಮ್‌ಸ್ಟ್ರಿಂಗ್ ಪಾಲು 2001-02ರಲ್ಲಿ 12 ಪರ್ಸೆಂಟ್ ಇದ್ದಿದ್ದು 2021-22ಕ್ಕೆ 24 ಆಗಿದೆ. ಡಾಕ್ಟ್ರು, ಜಿಪಿಎಸ್ಸು, ಅಡುಗೆಯವ್ರು, ಪ್ರೈವೇಟ್ ವಿಮಾನ ಎಲ್ಲಾ ಇರೋ ಟೀಮುಗಳ ಕಥೆನೇ ಹಿಂಗೆ.

ಚಿಕಿತ್ಸೆ ವಿಷ್ಯ ಉದ್ದ ಎಳೆಯಲ್ಲ. ಮೊದಲ ದಿನಗಳಲ್ಲಿ ತಿಕ್ಕೋದು ಬೇಡ ಅಂತ ಅವ್ರ ಅಮ್ಮಂಗೆ ಫೋನಲ್ಲಿ ಹೇಳ್ಬೇಕಾಯ್ತು, ಮನೆಲಿ ಎಣ್ಣೆ ಬಿಸಿ ಮಾಡಿ ರೆಡಿ ಇಟ್ಟಿದ್ರು. ನೋವಿಲ್ದಷ್ಟು ನಡಿಗೆ, ಆಮೇಲೆ ಹಿಮ್ಮಡಿ ಊರಿ ಸೊಂಟ ಎತ್ತಿ ಹಿಡಿಯೋದು, ಆಮೇಲೆ ಮಸಲ್‌ನ ಉದ್ದ ಮಾಡ್ತಾ ಶಕ್ತಿ ಹಾಕೋ ಎಕ್ಸರ್ಸೈಜ್, ಎರಡನೇ ವಾರದಿಂದ ನಿಧಾನಕ್ಕೆ ಓಟ. ಓಟದಲ್ಲಿ ಸ್ಪೀಡ್ ಏರ್ಸೋದೇ ನಮ್ಮ ಮುಖ್ಯ ಕೆಲ್ಸ ಆಯ್ತು. ಅರ್ಧ, ಮುಕ್ಕಾಲು, ಆಮೇಲೆ ಟೈಮ್ ಹಿಡಿದು 90 ಪರ್ಸೆಂಟ್ ದಾಟಿ. ನೋವಿಲ್ಲ ಅನ್ನೋದನ್ನ ನಾನು ನಂಬಲ್ಲ, ನೋವು ಬೇಗ ಹೋಗುತ್ತೆ. ಮಲಗಿಸಿ ಮಂಡಿ ನೇರ ಇಟ್ಟು ಕಾಲನ್ನ ಎಷ್ಟು ಜೋರಾಗಿ ಆಗುತ್ತೋ ಅಷ್ಟು ಮೇಲಕ್ಕೆ ಬೀಸು ಅಂತ ಹೇಳೋ ಒಂದು ಟೆಸ್ಟ್ ಇದೆ, ಸ್ವೀಡನ್ನಿನ ಕಾರ್ಲ್ ಆಸ್ಕ್‌ಲಿಂಗ್ ಮಾಡಿದ್ದು. ನಾಲ್ಕನೇ ವಾರ ಅದನ್ನ ಮಾಡಿಸ್ದಾಗ ಕಾಲು ಸರಿಯಾಗೇ ಹೋಯ್ತು, ಮುಖದಲ್ಲಿ ಹೆದ್ರಿಕೆ ಇತ್ತು. ಇನ್ನೊಂದು ವಾರ ಕಾದ್ವಿ. ಅಷ್ಟರಲ್ಲಿ ಸೆವೆನ್ಸ್ ಕಡೆಯಿಂದ "ಮಗಾ ಒಂದೇ ಮ್ಯಾಚ್ ಬಾ, ಸುಮ್ನೆ ಮುಂದೆ ನಿಂತ್ಕೋ ಸಾಕು" ಅಂತ ಮೆಸೇಜ್ ಮೇಲೆ ಮೆಸೇಜು.

ಕೋಚ್ ಸಾರ್‌ಗೆ ಅವ್ನ ಒಪ್ಪಿಗೆ ತಗೊಂಡೇ ವಿಷ್ಯ ಹೇಳಿದ್ದು. ಮೊದಲ ಮಾತು ನಾನು ಅಂದ್ಕೊಂಡಿದ್ದೇ, "ಹೊರಗಡೆ ಆಡೋವ್ರನ್ನ ಟೀಮಿಂದ ತೆಗ್ದು ಹಾಕ್ತೀನಿ". ತೆಗೀರಿ ಸಾರ್, ಭಾನುವಾರ ಹನ್ನೊಂದು ಜನ ಸಿಗಲ್ಲ ಅಂದೆ. ಬ್ಯಾನ್ ಮಾಡಿದ್ರೆ ಆಡೋದು ನಿಲ್ಲಲ್ಲ, ಹೇಳೋದು ನಿಲ್ಲುತ್ತೆ. ಎರಡು ದಿನ ಮುನಿಸ್ಕೊಂಡಿದ್ದು ಆಮೇಲೆ ಒಪ್ಕೊಂಡ್ರು, ಹೊರಗೆ ಆಡಿದ್ದು ಹೇಳಿದ್ರೆ ಶಿಕ್ಷೆ ಇಲ್ಲ ಅಂತ ಎಲ್ಲರ ಮುಂದೆ ಹೇಳಿದ್ರು. ಈಗ ದಿನಾ ರಾತ್ರಿ ಒಂಬತ್ತಕ್ಕೆ ವಾಟ್ಸಾಪಲ್ಲಿ ಎರಡೇ ಪ್ರಶ್ನೆ: ಇವತ್ತು ಎಲ್ಲಾ ಕಡೆ ಸೇರಿ ಎಷ್ಟು ನಿಮಿಷ, ಎಷ್ಟು ಕಷ್ಟ. ಗ್ರೂಪಲ್ಲಿ ಅಲ್ಲ, ನಂಗೆ ಪರ್ಸನಲ್ ಆಗಿ. ಮೊದ್ಲು ಎಲ್ಲರೂ ಒಳ್ಳೇ ಹುಡುಗ್ರಾಗಿ ಕ್ಲಬ್ಬಿಂದು ಮಾತ್ರ ಹಾಕಿದ್ರು. ಇವ್ನೇ ಒಂದು ದಿನ ಡ್ರೆಸ್ಸಿಂಗ್ ರೂಮಲ್ಲಿ "ಲೋ, ಏನೂ ಅನ್ನಲ್ಲ ಹಾಕ್ರೋ" ಅಂದ್ಮೇಲೆ ಶನಿವಾರಗಳು ಬರೋಕೆ ಶುರು ಆದ್ವು. ಹೆಚ್ಚುಕಮ್ಮಿ ಅರ್ಧ ಟೀಮು.

ಆ ಲೆಕ್ಕ ಇಟ್ಕೊಂಡು ದೊಡ್ಡ ವಿಜ್ಞಾನ ಏನೂ ಮಾಡಲ್ಲ. ಊರಿಗೋ ಜ್ವರಕ್ಕೋ ವಾರ ಬಿಟ್ಟು ಬಂದವ್ನಿಗೆ ಮೊದಲ ಮ್ಯಾಚು ಅರ್ಧ ಗಂಟೆ ಮಾತ್ರ. ಶನಿವಾರ ಸೆವೆನ್ಸ್ ಆಡಿದವ್ನು ಭಾನುವಾರ ಬೆಂಚಿಂದ ಬರ್ತಾನೆ, ಇದಕ್ಕೆ ಕೋಚ್ ಒಪ್ಪೋದು ಎದುರಾಳಿ ಯಾರು ಅನ್ನೋದ್ರ ಮೇಲೆ. ಬುಧವಾರ ಬೆಳಗ್ಗೆ ಅಕಾಡೆಮಿ ಮಕ್ಕಳು ಬರೋಕೆ ಇಪ್ಪತ್ತು ನಿಮಿಷ ಮುಂಚೆ ಬಂದು ಪೂರ್ತಿ ಗ್ರೌಂಡ್ ಉದ್ದಕ್ಕೆ ನಾಲ್ಕೈದು ಫುಲ್ ಸ್ಪ್ರಿಂಟು, ನಡುವೆ ಬೇಕಾದಷ್ಟು ರೆಸ್ಟು, ಮ್ಯಾಚಿಗೆ ಇನ್ನೂ ನಾಲ್ಕು ದಿನ ಇರುತ್ತೆ. ಜೊತೆಗೆ ನಾರ್ಡಿಕ್: ಒಬ್ಬ ಹಿಂದೆ ಹಿಮ್ಮಡಿ ಹಿಡಿದು ಕೂರೋದು, ಇನ್ನೊಬ್ಬ ಮಂಡಿ ಮೇಲೆ ನಿಂತು ಮುಂದಕ್ಕೆ ನಿಧಾನಕ್ಕೆ ಬೀಳೋದು, ಖರ್ಚಿಲ್ಲ, ಸ್ಟಡಿಗಳನ್ನೆಲ್ಲಾ ಒಟ್ಟು ಹಾಕಿ ನೋಡಿದ್ರೆ ಹ್ಯಾಮ್‌ಸ್ಟ್ರಿಂಗ್ ಇಂಜುರಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸುತ್ತೆ. ಹುಡುಗ್ರಿಗೆ ಇದು ಕಂಡ್ರೆ ಆಗಲ್ಲ, ಮೊದಲ ಸಲ ಮಾಡಿದ ಮರುದಿನ ಮೆಟ್ಲು ಇಳಿಯೋಕಾಗಲ್ಲ ಅಂತ ಬೈತಾರೆ, ಅದಕ್ಕೆ ಎರಡು ಸೆಟ್ಟು ಐದೈದರಿಂದ ಶುರು ಮಾಡಿದ್ದು.

ವಿಂಗರ್ ಆರನೇ ವಾರ ವಾಪಸ್ ಬಂದ, ಮೊದ್ಲು 25 ನಿಮಿಷ, ಮುಂದಿನ ಮ್ಯಾಚು 60. ಸೆವೆನ್ಸ್ ಬಿಟ್ಟಿಲ್ಲ. ತಿಂಗಳಲ್ಲಿ ಎರಡು ಶನಿವಾರ ಅಂತ ಮಾತಾಗಿದೆ, ಅದೂ ಭಾನುವಾರ ಮ್ಯಾಚ್ ಇಲ್ದಿರೋ ವಾರ. ತೊಂದ್ರೆ ಏನಂದ್ರೆ ಮಳೆಗಾಲದಲ್ಲಿ ನಮ್ಮ ಮ್ಯಾಚ್ ದಿನನೇ ಕೊನೇ ಗಳಿಗೇಲಿ ಬದಲಾಗುತ್ತೆ, ಅವ್ನು ಅಷ್ಟರಲ್ಲಿ ಸೆವೆನ್ಸ್‌ಗೆ ಒಪ್ಕೊಂಡು ಅಡ್ವಾನ್ಸ್ ತಗೊಂಡಿರ್ತಾನೆ, ಆ ವಾರಗಳಲ್ಲಿ ಯಾರನ್ನ ಕೂರಿಸ್ಬೇಕು ಅನ್ನೋದಕ್ಕೆ ನಾನೂ ಕೋಚ್ ಸಾರೂ ಈಗ್ಲೂ ಪ್ರತಿ ಸಲ ಹೊಸದಾಗಿ ಜಗಳ ಆಡ್ತೀವಿ.